ಅಂಚಿನಾಚೆ

ವಾಲ್ಪರೈಸೊದಲ್ಲಿ ನೆಲವೆಂಬುದೇ ಓರೆ.
ಕೈಜಾರಿದ ಕಿತ್ತಳೆ ಮೂರು ಬೀದಿ ಉರುಳಿ
ಬಂದರಿನ ಗೇಟಿನಲ್ಲಿ ಸಿಗುತ್ತದೆ.
ಕೆಳಗು ಎಂದರೆ ನಮಗೆ ಕಡಲು,
ಬೇರೆ ಅರ್ಥವಿಲ್ಲ.

ಗುರುವಾರ ರಾತ್ರಿ, ಬೇಕರಿಯ ಮಹಡಿ.
ಏಳು ಡಬ್ಬಾ ಟೀವಿ, ಏಳೂ ನಾನೇ ರಿಪೇರಿ ಮಾಡಿದವು.
ತೆಳ್ಳನೆಯ ಹೊಸ ಪರದೆ ಇವರಿಗೆ ಬೇಡ,
ಬೆರಳಿಗಿಂತ ಅದು ಒಂದು ರೆಪ್ಪೆಯಷ್ಟು ಹಿಂದಂತೆ.
ರೆಪ್ಪೆ ಬಡಿಯುವುದರೊಳಗೆ
ಇಲ್ಲಿ ಜೀವ ಹೋಗುತ್ತದೆ.

ಯಾಸ್ನಾ ಬಂದಳು, ಗಲ್ಲದಡಿ ಹೆಲ್ಮೆಟ್ ಪಟ್ಟಿಯ ಗೆರೆ ಇನ್ನೂ ಕೆಂಪಗೆ.
ಬಂದರಿನಲ್ಲಿ ಕ್ರೇನು ನಡೆಸುವವಳು.
ಹಗಲೆಲ್ಲ ಇಪ್ಪತ್ತು ಟನ್ನಿನ ಪೆಟ್ಟಿಗೆಗಳನ್ನು
ಲಾರಿಯ ಬೆನ್ನಿಗೆ ಇಳಿಸುತ್ತಾಳೆ,
ನಿದ್ದೆಹೋದ ಮಗುವನ್ನು ಹಾಸಿಗೆಗೆ ಇಳಿಸಿದಂತೆ.
ರಾತ್ರಿ ಇಲ್ಲಿ ಅದಕ್ಕೆಲ್ಲ ಸೇಡು.

ಅವಳ ಗೊಂಬೆ ದಪ್ಪ ಕಾಲಿನ ಒಬ್ಬ ಕಮ್ಮಾರ.
ಜಿಗಿಸಿ, ಗಾಳಿಯಲ್ಲೇ ಕಡ್ಡಿ ಕೆಳಕ್ಕೆಳೆದು ಗುಂಡಿ ಒತ್ತಿದರೆ
ಎರಡೂ ಪಾದ ಜೋಡಿಸಿ ಮೆಟ್ಟುತ್ತಾನೆ.
ಮೊದಲ ಮೂರು ಫ್ರೇಮಿನಲ್ಲಿ ಮಾತ್ರ ವಿಷ,
ಆಮೇಲೆ ಅದು ಬರೀ ಕಾಲು.

ನನಗೆ ಗೊತ್ತಿರುವುದು ಇಷ್ಟೇ, ಎಲಿಯೆಸೆರ್ ಹೇಳಿಕೊಟ್ಟದ್ದು:
ನೆಲದ ಮೇಲಿರುವವನನ್ನು ಎಷ್ಟೇ ಕೆಳಕ್ಕೆ ಬಡಿ,
ಚೆಂಡಿನಂತೆ ಪುಟಿದು ಮೇಲೆ ಬರುತ್ತಾನೆ.
ನೆಲ ಅವನ ಪರ ವಾದಿಸುತ್ತದೆ.
ಅಂಚು ದಾಟಿದವನಿಗೆ, ಕಾಲಡಿ ಏನೂ ಇಲ್ಲದವನಿಗೆ
ಅದೇ ಏಟು ಪಾತಾಳ.
ಇನ್ನೊಂದು: ಮೆಟ್ಟಲು ಹೋಗುವವನೂ
ನೆಲ ಬಿಟ್ಟೇ ಹೋಗಬೇಕು,
ವಾಪಸಿಗೆ ಒಂದು ಜಿಗಿತ ಕಿಸೆಯಲ್ಲಿಟ್ಟುಕೊಂಡು.

ಹುಡುಗನಿಗೆ ಹದಿನಾಲ್ಕು. ಬೇಕರಿಯವಳ ತಂಗಿಯ ಮಗ,
ಉಗುರಿನ ಸಂದಿಯಲ್ಲಿ ಹಿಟ್ಟು.
ಅವನ ಗೊಂಬೆ ಬಾವಲಿ ರೆಕ್ಕೆಯ ಒಂದು ಪೋರಿ,
ಕಾಗದದಷ್ಟು ತೂಕ.
ಇಬ್ಬರಿಗೂ ಕೊನೆಯ ಜೀವ.
ಅವನ ಗಾಯ ನೂರಾ ಹನ್ನೆರಡು, ಅವಳದು ನಲವತ್ತು.
ಹಿಂದೆ ನಿಂತವರು ಆಗಲೇ ಕೂಗಲು ಬಾಯಿ ತೆರೆದಿದ್ದರು.
ಬಿದ್ದವನಿಗೆ ಆಳಿಗೊಂದು ಕಲ್ಲು,
ನಮ್ಮ ಬಂದರಿನಲ್ಲೂ.

ಕಮ್ಮಾರ ಅಂಚು ಬಿಟ್ಟ. ಒಮ್ಮೆ ಜಿಗಿದ,
ಇನ್ನೂ ಆಚೆಗೆ ಇನ್ನೊಮ್ಮೆ.
ತಾಗಿತು, ಮೊದಲ ಫ್ರೇಮಿಗೇ.
ಆ ಸದ್ದು ನನ್ನ ಸ್ಪೀಕರಿನದು,
ಹೋದ ವಾರವಷ್ಟೇ ಅದರ ಹರಿದ ಕಾಗದ ಅಂಟಿಸಿದ್ದೆ,
ತಗಡಿನ ಮಾಡಿಗೆ ಬಂಡೆ ಬಿದ್ದಂತೆ ಬಂತು.
ಪೋರಿ ಕೆಳಗೆ, ಕೆಳಗೆ,
ಪರದೆಯ ಅಡಿಯ ಕಪ್ಪಿಗೆ.

ಆಗ ಎಲ್ಲರೂ ಮಾಡುವುದು ಒಂದೇ:
ಮೇಲೆ ಮೇಲೆ ಮೇಲೆ ಎಂದು ಗುಂಡಿ ಕುಟ್ಟುವುದು.
ಅವಸರದವನನ್ನು ಆಟ ಕೇಳಿಸಿಕೊಳ್ಳುವುದಿಲ್ಲ,
ಇನ್ನಷ್ಟು ಹೊತ್ತು ಕಿವುಡಾಗುತ್ತದೆ.
ಮೊದಲು ಬೀಳುವುದಕ್ಕೆ ಒಪ್ಪಬೇಕು,
ಉಸಿರಿನ ಕಾಲು ಪಾಲು,
ಆಮೇಲೆ ಒತ್ತಬೇಕು.

ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅಲುಗಲಿಲ್ಲ.
ನಸುಕಿನ ನಾಲ್ಕಕ್ಕೆ ಒಲೆಯ ಮುಂದೆ
ಹಿಟ್ಟು ಉಬ್ಬುವುದನ್ನು ಕಾಯುವ ಕೈ ಅದು.
ಅಲುಗಲಿಲ್ಲ.

ಅಲುಗಿತು.

ಪೋರಿ ಕಮ್ಮಾರನ ಮೂಗಿನ ಮುಂದೆಯೇ ಮೇಲೇರಿ
ಅಂಚಿಗೆ ಬೆರಳು ಸಿಕ್ಕಿಸಿದಳು.
ಕಮ್ಮಾರನ ಕಿಸೆ ಖಾಲಿ.
ಯಾರೂ ಮುಟ್ಟದೆ, ಸದ್ದಿಲ್ಲದೆ,
ತನ್ನ ತೂಕಕ್ಕೆ ತಾನೇ ಇಳಿದುಹೋದ.

ಯಾಸ್ನಾ ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು,
ಹಗಲಿನ ಕೈಯಲ್ಲಿ, ಚೂರೂ ಸದ್ದಾಗದಂತೆ.
'ಯಾರು ಕಲಿಸಿದ್ದು?'
'ನೀವೇ. ಹೋದ ವರ್ಷ
ಲೆಕ್ಕವಿಲ್ಲದಷ್ಟು ಸಲ ಮೆಟ್ಟಿದಿರಲ್ಲ.'
ಅವಳು ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ,

ಮೂರನೆಯ ಟೀವಿ ಮತ್ತೆ ಗೆರೆ ಬಿಡುತ್ತಿತ್ತು.
ಎದ್ದು ಹೋಗಿ ಅದರ ನೆತ್ತಿಗೆ
ಒಂದು ಬಡಿದೆ, ಕೆಳಕ್ಕೆ.
ಚಿತ್ರ ಎದ್ದು ನಿಂತಿತು.