ಷರಾ

ನನ್ನ ಕೆಲಸ ನೀರಿನಲ್ಲಿ ಇಣುಕುವುದು.
ತೊಡೂರಿನ ಕಾಲನಿಯಲ್ಲಿ ಮನೆಗೊಂದು ಸಿಮೆಂಟಿನ ತೊಟ್ಟಿ.
ಟಾರ್ಚು ಬಿಟ್ಟು, ಬಿಳಿ ಸೌಟು ಮುಳುಗಿಸಿ,
ಸೌಟಿಗೆಷ್ಟು ಸೊಳ್ಳೆಮರಿ ಎಂದು ಎಣಿಸಿ
ವಹಿಯಲ್ಲಿ ತುಂಬುವುದು:
ಮನೆ ಸಂಖ್ಯೆ, ಯಜಮಾನರ ಹೆಸರು, ಜ್ವರ ಉಂಟೋ ಇಲ್ಲವೋ.
ಕೊನೆಯ ಕಾಲಂ ಷರಾ.
ಅಲ್ಲಿ ಹನ್ನೊಂದು ವರ್ಷ ಬರೀ ಗೀಟೆಳೆದೆ.

ಈ ಸಲ ಚೌತಿ ಗಣಪತಿ ಮುಳುಗಿದ ಮರುದಿನ
ಬಿಸಿಲು ಬಿತ್ತು. ಎಲ್ಲಿದ್ದವೋ ಏನೋ,
ಅಂಗಳದ ಮೇಲೆ ಆಳೆತ್ತರದಲ್ಲಿ ನೂರಾರು,
ಗಾಜಿನ ರೆಕ್ಕೆ, ಬೆಂದ ಅರಿಶಿನದ ಮೈ,
ಕೂರಲೊಲ್ಲದೆ, ದೂರ ಹೋಗಲೂ ಒಲ್ಲದೆ.
ಸುಮ್ಮನೆ ಕೇಳಿದೆ: ಇದಕ್ಕೆ ನಿಮ್ಮಲ್ಲಿ ಏನಂತೀರಿ?

ಸೋಮಿ ಗೌಡ್ತಿ ಕೊರಳ ತುಂಬ ಮಣಿ ಅಲುಗಿಸಿ ನಕ್ಕಳು.
"ಎಂತ ಕೇಳ್ತೆ ತಂಗಿ? ಚೌತಿಹುಳ.
ಕಡುಬು ತಿನ್ನೂಕೆ ಬತ್ತು, ತಿಂದ್ಕಂಡ್ ಹೋತು."

ಸಗುಣಾ ಬಾಂದೇಕರ ಒಳಗಿನಿಂದಲೇ "ಚತುರ" ಎಂದರು.
ತವರು ಗಡಿಯಾಚೆ. ಅಲ್ಲೀಗ ಯಾರೂ ಇಲ್ಲ.
ಹೇಳಿ, ಬೆಲ್ಲ ತಿಂದವರ ಹಾಗೆ
ತುಟಿ ಒರೆಸಿಕೊಂಡರು.

ಬಟ್ಟೆಕಲ್ಲಿನ ಬಳಿ ಬೆಳ್ಳಿ ಆಗೇರ: "ಕೊಡತಿ.
ನೋಡು, ಬಾಲ ನೀರಿಗೆ ಬಡಿತು, ಎತ್ತಿತು, ಬಡಿತು.
ನನ್ನ ಕೆಲಸವೇ. ಸಾಬೂನು ಮಾತ್ರ ಇಲ್ಲ."

ಯಂಕು ಹರಿಕಂತ್ರ ಬಲೆಯಿಂದ ತಲೆ ಎತ್ತಲಿಲ್ಲ.
"ಹೆಸರೆಂತಕ್ಕೆ? ದೋಣಿ ಮೇಲೆ ಕಂಡ್ರೆ
ಬಂತು ಅಂತೇವೆ, ಅಷ್ಟೇ.
ಆಮೇಲೆ ಗಾಳಿ ಮೂಡಣದಿಂದ."
ನಾನು ಬರೆದುಕೊಂಡೆ: ಬಂತು.

ಮಕ್ಕಳದು ಒಂದೇ ಕೂಗು: ಹೆಲಿಕಾಪ್ಟರ್!
ಅವರ ಅಜ್ಜಿಯರು ನೆಟ್ಟಿ ಮಾಡಿದ ಗದ್ದೆಗಳು
ನೌಕಾನೆಲೆಯ ಬೇಲಿಯೊಳಗೆ ಸೇರಿ ಎಷ್ಟೋ ವರ್ಷ.
ಆ ಗದ್ದೆಗಳ ಬಗ್ಗೆ ಈ ಮಕ್ಕಳಿಗೆ ಗೊತ್ತಿರುವುದು
ಅವುಗಳ ಮೇಲೆ ಏನು ಹಾರುತ್ತದೆ ಎಂಬುದಷ್ಟೇ.

ಅವರಲ್ಲೊಬ್ಬ, ಮುಂದಿನ ಹಲ್ಲು ಬಿದ್ದವನು,
ಬಾಲಕ್ಕೆ ದಾರ ಕಟ್ಟಿ, ದಾರದ ತುದಿಗೆ
ಹುಣಸೆಬೀಜದಷ್ಟು ಕಲ್ಲು ಕಟ್ಟಿದ್ದ.
"ಪೈಲ್ವಾನ, ಅಕ್ಕೋರೇ. ಎತ್ತುತದೆ ನೋಡಿ."
ಎತ್ತಿತು. ಒಂದು ಗೇಣು.
ಬಿಡು ಅಂದೆ. ಮುಖ ಸಣ್ಣ ಮಾಡಿಕೊಂಡು
ಕಲ್ಲು ಬಿಚ್ಚಿ ಬಿಟ್ಟ.
ದಾರ ಅದರ ಜೊತೆಗೇ ಹೋಯಿತು.

ನಲವತ್ತಮೂರನೇ ಮನೆ.
ಸೌಟಿಗೆ ಸೊಳ್ಳೆಮರಿ ಸೊನ್ನೆ. ಮತ್ತೆ ಮುಳುಗಿಸಿದೆ, ಸೊನ್ನೆ.
ಮೂರನೆಯ ಸಲ ಕೆಸರಿನ ಚೂರೊಂದು ಬಂತು,
ಕೆಸರಿಗೆ ಆರು ಕಾಲಿದ್ದವು.
ಪಕ್ಕದ ಮನೆಯ ನಾಲ್ಕು ಮರಿ ತಂದು ಬಿಟ್ಟೆ.
ಗಲ್ಲದ ಕೆಳಗೆ ಮಡಿಚಿಟ್ಟ ಕೈಯೊಂದು ಚಿಮ್ಮಿತು,
ಮೂರು ಉಳಿದವು, ಎರಡು.

ಇದಕ್ಕೇನಂತೀರಿ ಎಂದು ಮತ್ತೆ ಬೀದಿ ಸುತ್ತಿದೆ.
"ಇಶ್ಶಿ, ಕೆಸರು."
"ಚೇಳಿನ ಮರಿ, ಮುಟ್ಟಬೇಡ."
"ಹುಳ ಅಲ್ಲವಾ, ಚೆಲ್ಲಿ ಬಿಡು."
ಇದೇ ಅದು, ನೀರೊಳಗಿನದು ಎಂದರೆ ಸೋಮಿಯೂ ನಂಬಲಿಲ್ಲ.
"ಕಡುಬು ತಿನ್ನುದು ಹೀಂಗಿರ್ತಾ?"
ರೆಕ್ಕೆ ಬಂದ ಮೇಲೆ ಬೀದಿಗೊಂದು ಹೆಸರು.
ಅದಕ್ಕೆ ಮೊದಲು ಯಾರೂ ಕರೆದಿಲ್ಲ.

ತೊಟ್ಟಿಗಿಷ್ಟು ಔಷಧಿ ಎಂಬುದು ನಿಯಮ.
ಮುಚ್ಚಳ ತೆಗೆದಿದ್ದೆ.
ತಿರುಗಿಸಿ ಹಾಕಿದೆ.

ತಿಂಗಳ ಸಭೆಯಲ್ಲಿ ಮೇಲ್ವಿಚಾರಕರು ಕನ್ನಡಕ ಇಳಿಸಿದರು.
"ಚತುರ. ಕೊಡತಿ. ಬಂತು. ಏನಮ್ಮ ಇದು, ಷರಾದಾಗ?"
ಪುಟ ತಿರುವಿ, ದನಿ ತಗ್ಗಿಸಿ,
"ನಮ್ಮ ಕಡೆ ವಿಮಾನ ಅಂತೀವಿ" ಎಂದವರು
ಕೂಡಲೇ ಕೆಮ್ಮಿದರು. "ನಲವತ್ತಮೂರಕ್ಕೆ ಔಷಧಿ ಯಾಕಿಲ್ಲ?"
ನಿಜ ಹೇಳಲು ಬಾಯಿ ತೆರೆದೆ.
"ತೊಟ್ಟಿ ಖಾಲಿ ಇತ್ತು ಸರ್" ಎಂದೆ.

ಮುಂದಿನ ಸುತ್ತಿಗೆ ಹೋದಾಗ
ತೊಟ್ಟಿಯ ಒಳಗೋಡೆಗೆ, ನೀರಿನಿಂದ ಎರಡು ಬೆರಳು ಮೇಲೆ,
ಬೆನ್ನು ಸೀಳಿದ ಒಣ ಅಂಗಿಯೊಂದು
ಆರೂ ಕಾಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿತ್ತು.
ಒಳಗೆ ಯಾರೂ ಇರಲಿಲ್ಲ.

ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಬರೆದಿದ್ದ
ನನ್ನ ಹೋದ ತಿಂಗಳ ತಾರೀಖು, ಸಹಿ.
ಅದರ ಬಗಲಿಗೆ ಯಾರೋ ಒಂದು ಉದ್ದ ಗೆರೆ ಎಳೆದು
ಅಡ್ಡ ಎರಡು ಹಾಕಿದ್ದರು.
ಬಾಲದಿಂದ ಅಂಕುಡೊಂಕು ದಾರ.
ದಾರದ ತುದಿಗೆ ಕಲ್ಲಿರಲಿಲ್ಲ.
ಜಾಗ ನೋಡಿಕೊಂಡು
ಸ್ವಲ್ಪ ಕೆಳಗೆ ಸಹಿ ಮಾಡಿದೆ.