ಉಪ್ಪಳದಲ್ಲಿ ಒತ್ತಕ್ಷರ

ಗಣಿತದವಳು ನಾನು. ಲೈಬ್ರರಿಯ ಬೀಗದಕೈ
ಹೇಗೋ ನನ್ನ ಕೊರಳಿಗೆ ಬಿತ್ತು.
ಹಳೆ ವಿದ್ಯಾರ್ಥಿಗಳು ಕೊಟ್ಟ ಟೀವಿಯೊಂದು
ಮೂರು ಕಪಾಟುಗಳ ಮೇಲೆ ಕರ್ರಗೆ ನೇತಾಡುತ್ತಿತ್ತು.
"ಸುಮ್ಮನೆ ಉಂಟಲ್ಲ," ಅಂದರು ಹೆಡ್‌ಮಾಷ್ಟ್ರು,
"ಅದರಲ್ಲಿ ಏನಾದರೂ ಬರಲಿ, ಚಂದದ್ದು."
ಹನ್ನೆರಡು ಪೋಸ್ಟರಿನ ಪಟ್ಟಿ ಕೊಟ್ಟರು.
ಚೀಟಿಯ ಹಿಂಬದಿಗೆ ಮಧ್ಯಾಹ್ನದ ಅಕ್ಕಿಯ ಲೆಕ್ಕ.

ಹೆದ್ದಾರಿಗೆ ಅರ್ಧ ಮೈ ಕೊಟ್ಟ ಕಟ್ಟಡದ
ಮಾಳಿಗೆಯಲ್ಲಿ ರಿಜೇಶನ ಅಂಗಡಿ.
ಮದುವೆ, ಫುಟ್‌ಬಾಲ್ ಪಂದ್ಯ, ನಲ್ವತ್ತೊಂದನೇ ದಿನದ ಸ್ಮರಣೆ,
ಎಲ್ಲರ ಮುಖವೂ ಅವನ ಮೌಸಿನ ಕೆಳಗೆ ಬೆಳ್ಳಗಾಗುತ್ತದೆ.
ನೀಲೇಶ್ವರದವನು. ಮಾತು ಒಂದಿಷ್ಟು ಬರುತ್ತದೆ, ಓದಲು ಬಾರದು.
"ಟೈಪು ಮಾಡಿ ಕೊಡಿ ಟೀಚರೇ, ಹಾಕ್ತೇನೆ.
ನಿಮ್ಮ ಅಕ್ಷರ ನನಗೆ ಚಿತ್ರ."

ಚಿತ್ರವೇ ಆಯಿತು.
ಅವನ ಸಾಫ್ಟ್‌ವೇರು ನಮ್ಮ ಅಕ್ಷರಗಳನ್ನು
ಸೀಟಿಗೊಬ್ಬರಂತೆ ಬಿಡಿಸಿ ಕೂರಿಸಿತು:
ಪುಸ್‌ತಕ. ವಿಜ್‌ಞಾನ. ಚರಿತ್‌ರೆ.
ಮಡಿಲಲ್ಲಿದ್ದ ಮಕ್ಕಳಿಗೆಲ್ಲ ಪೂರ್ತಿ ಟಿಕೇಟು.
ನಿಶ್ಶಬ್ದ ಎಂಬುದಂತೂ ಎಷ್ಟು ಸಲ ಕೂಡಿಸಿದರೂ
ಒಡೆಯಿತು,
ಎರಡು ಕಡೆ.

ಒತ್ತಿಲ್ಲದ ಪದ ಹುಡುಕಿದೆ, ಬೆರಳು ಮಡಚಿ.
ಕತೆ. ಕವಿತೆ. ಗಣಿತ. (ಇಲ್ಲಿ ಸ್ವಲ್ಪ ಬೀಗಿದೆ.)
ನಿಘಂಟು. ಓದು.
ಆಮೇಲೆ ನಿಂತುಹೋಯಿತು.
ಅಮ್ಮ, ಅಕ್ಕ, ಅನ್ನ, ಎಲ್ಲ ಒತ್ತಿನ ಮೇಲೆ ನಿಂತವರೇ.
ಕೂತ ಪೇಟೆಗೂ ಹೆಸರಿನ ನಡುವೆ ಒಂದು ಉಂಟು.
ಭಾಷೆಯ ಹೆಸರನ್ನು ಆ ಪರದೆಯಲ್ಲಿ
ಬರೆದು ನೋಡುವ ಧೈರ್ಯ ಬರಲಿಲ್ಲ.

ಚೀಟಿಯ ಅಂಚಿನಲ್ಲಿ ಬರೆದು ತೋರಿಸಿದೆ:
ನೋಡು, ತ ಇಲ್ಲಿ ಬರಬೇಕು, ಕೆಳಗೆ.
"ಓ, ಕಾಲು!" ಅಂದ.
ಹೌದು ಮಾರಾಯ, ಕಾಲು.
ನಾಲ್ಕನೇ ಫಾಂಟಿಗೆ ಕಾಲುಗಳು ಹತ್ತಿದವು,
ಗ್ರಂಥಾಲಯ ಎದ್ದು ನಿಂತಿತು, ನೀಲಿಯಲ್ಲಿ.
ಅವನು ಸೊನ್ನೆಯ ಮೇಲೆ ಬೆರಳಿಟ್ಟ:
"ಇದು ನಮ್ಮಲ್ಲೂ ಉಂಟು. ಇಷ್ಟೇ ಗುಂಡಗೆ.
ನಿಮಗೆ ನಡುವಿನಲ್ಲಿ, ನಮಗೆ ಕೊನೆಗೆ."
ಗ್ರಂಥಾಲಯಂ, ಎಂದು ಅವನು ತುಟಿ ಮುಚ್ಚಿದ.
ನಾನು ತೆರೆದ ಬಾಯಲ್ಲೇ ಗ್ರಂಥಾಲಯ ಅಂದೆ.
ಕೆಳಗೆ ಜೆಸಿಬಿ ಏನನ್ನೋ ಒಡೆಯುತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಫೋನು ಮಿನುಗಿತು:
ಏಳನೇದರಲ್ಲಿ ಒಂದು ಕಾಲು ಕಾಣುವುದಿಲ್ಲ ಟೀಚರೇ.
ಮೂರು ಸಲ ಓದಿ ಒಪ್ಪಿಗೆ ಕೊಟ್ಟವಳು ನಾನು.
ತೆಗೆದು ನೋಡಿದರೆ, ಸದಸ್ಯರು ಇದ್ದಲ್ಲಿ ಸದಸರು.
ಇಲ್ಲದ್ದನ್ನು ಓದಿಬಿಟ್ಟಿದ್ದೆ, ಬಲ್ಲವಳ ಕಣ್ಣಿನಿಂದ.
ಓದಲು ಬಾರದವನು
ನೋಡಿದ್ದ.

ಸೋಮವಾರ ಟೀವಿ ಹೊತ್ತಿತು.
ನಿಶ್ಶಬ್ದವನ್ನು ನಾನೇ ಕೈಬಿಟ್ಟಿದ್ದೆ, ಆ ಜಾಗಕ್ಕೆ
ಮೆಲ್ಲ ಓದಿದರೂ ಆಗ್ತದೆ ಅಂತ ಹಾಕಿಸಿದ್ದೆ.
ಐದನೆಯ ಮಿಸ್ರಿಯಾ ಅದನ್ನೇ ಜೋರಾಗಿ ಓದಿದಳು.
ಒಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ:
ಕತೆಗಳು ಈ ಕಡೆ ಎಂಬ ಹಳದಿ ಬಾಣ
ಕಪಾಟಿನತ್ತ ಅಲ್ಲ, ಕಿಟಕಿಯತ್ತ.
ಇಡೀ ಕ್ಲಾಸು ಕತ್ತು ತಿರುಗಿಸಿತು.
ಹೊರಗೆ ಐಸಮ್ಮ ಅಕ್ಕಿ ತೊಳೆಯುತ್ತಾ
ಕಾಗೆಯೊಂದಕ್ಕೆ ಬ್ಯಾರಿಯಲ್ಲಿ ಬೈಯುತ್ತಿದ್ದಳು.
"ಅಲ್ಲಿ ಕತೆ ಉಂಟಾ ಟೀಚರ್?"
ಉಂಟು ಅಂದೆ. ತಿದ್ದಿಸಲು ಮತ್ತೆ ಎಪ್ಪತ್ತು ರೂಪಾಯಿ.

ಬಿಲ್ಲನ್ನು ರಿಜೇಶ ಕೈಯಲ್ಲೇ ಬರೆದ.
ಅಂಕೆಗಳ ಕೆಳಗೆ ಗೆರೆ ಎಳೆದು, ತನ್ನ ಲಿಪಿಯಲ್ಲಿ
ಆಕೆ ಎಂದು ಬರೆದು, ನನ್ನ ಮುಖ ನೋಡಿ ಹೊಡೆದುಹಾಕಿದ.
ಕನ್ನಡದಲ್ಲಿ ಇದಕ್ಕೇನು?
ಬರೆದು ತೋರಿಸಿದೆ.
ಸ್ವಲ್ಪ ಹೊತ್ತು ದಿಟ್ಟಿಸಿ, ನಾಲಗೆ ಕಚ್ಚಿ,
ಮೊದಲು ಕೆಳಗೊಂದು ಪುಟ್ಟ ಕಾಲು ಇಟ್ಟ.
ಅದರ ಮೇಲೆ ಟು.
ಕೊನೆಗೆ, ಎಡಗಡೆ ಉಳಿದ ಸಂದಿಯಲ್ಲಿ
ತೂರಿಸಿದ ಒ:

ಒಟ್ಟು ೮೪೦.