ಬಚ್ಚಲ ಬಾಗಲದ ತೂತು

ಬೆಟಗೇರಿಯೊಳಗ ನಮ್ಮ ಬಾಡಿಗಿ ಮನಿ.
ನಮಗೂ ಮನಿ ಒಡತಿ ನೀಲಗಂಗವ್ವಗೂ ಕೂಡಿ ಒಂದ ಬಚ್ಚಲಾ,
ಅದಕ್ಕ ಒಂದ ಸಾಗವಾನಿ ಬಾಗಲಾ,
ಬಾಗಲಕ್ಕ ಹನ್ನೊಂದ ತೂತು.
ಬಂದವರೆಲ್ಲಾ ತಮ್ಮ ತಮ್ಮ ಎತ್ತರಕ್ಕ ಚಿಲಕ ಬಡದು
ಹೋಗುವಾಗ ಕಿತ್ತಕೊಂಡು ಹೋಗ್ಯಾರ.
ಮುಂಜಾನಿ ಬಿಸಲು ಅವನ್ನ ಹಾದು ಬಂದು
ನನ್ನ ತೊಯ್ದ ಹೊಟ್ಟಿಮ್ಯಾಲ
ಹನ್ನೊಂದ ಪಾವಲಿ ಎಣಸತಿತ್ತು.
ಹೊರಗಿನಿಂದ ಮಗಳು ಒಂದ ತೂತಿಗೆ ಬಾಯಿಟ್ಟು
"ಅಪ್ಪಾ, ಬಸ್ಸಿಗೆ ಹೊತ್ತಾತು, ಮುಗೀತೇನ?" ಅಂತಿದ್ಲು.
ಸಾಕಾತು.

ಹಾರ್ಡವೇರ್ ಅಂಗಡಿ ಗುದ್ಲೆಪ್ಪ
ಒಂದ ಡಬ್ಬಿ, ಒಂದ ಸಣ್ಣ ಟ್ಯೂಬು ಮುಂದಿಟ್ಟ.
"ಡಬ್ಬಿ ಒಂದ ಇದ್ರ ವರ್ಷಗಟ್ಟಲೆ ಮೆತ್ತಗ,
ಟ್ಯೂಬು ಒಂದ ಇದ್ರೂ ಹಂಗ.
ಎರಡೂ ಕೂಡಿದ್ವೋ, ಐದ ಮಿನಿಟಿಗೆ ಕಲ್ಲು.
ಲಗ್ನ ಇದ್ದಂಗ ನೋಡ್ರಿ!"
ದಿನಾ ಹೇಳೂ ಮಾತು ಅಂತ
ತಕ್ಕಡಿ ಹಿಡದ ಹುಡುಗನ ಮಾರಿಮ್ಯಾಲ ಬರದಿತ್ತು.
ನಾ ನಗಲಿಲ್ಲ. ರೊಕ್ಕ ಕೊಟ್ಟು ಬಂದೆ.

ಹದಿನಾರ ವರ್ಷ ಪ್ರೆಸ್ಸಿನ್ಯಾಗ ಮೊಳಿ ಜೋಡಿಸಿದವ ನಾನು,
ಅಚ್ಚಿನ ಮೊಳಿ; ಬಡಿಯೂ ಮೊಳಿ ಅಲ್ಲ.
ಖಾಲಿ ಜಾಗಕ್ಕೂ ಮಾರಿ ಇಲ್ಲದ್ದೊಂದು ಮೊಳಿ ಬೇಕು,
ಇಲ್ಲಾಂದ್ರ ಇಡೀ ಸಾಲು ಅಳ್ಳಾಡತೈತಿ.
ಇಷ್ಟ ಗೊತ್ತಿತ್ತು, ಇದರ ಹದ ಗೊತ್ತಿರಲಿಲ್ಲ.

ತಪ್ಪ ಅಚ್ಚಾದ ಲಗ್ನಪತ್ರಿಕೆ ಬೆನ್ನಮ್ಯಾಲ
(ವರನ ಹೆಸರಿಗೆ ಒತ್ತು ಬಿಟ್ಟಿತ್ತು)
ಬಾರಿಹಣ್ಣಿನಷ್ಟ ಹಿಟ್ಟು, ಜ್ವಾಳದ ಕಾಳಷ್ಟ ಕೆಂಪು.
ಮೊದಲನೇ ಉಂಡಿ ಕೈಯಾಗ ಕಲ್ಲಾತು.
ಎರಡನೇದು ತಾಸಾದ್ರೂ ಬೆಣ್ಣಿ.
ಮೂರನೇದು ಕೆಂಪು ಗೆರಿ ಮಾಯ ಆಗೂತನಕ ಕಲಸಿದೆ,
ಹಿಂದಿನಿಂದ ರಟ್ಟು ಒತ್ತಿ ಹಿಡದು
ಹಳೇ ಸೀಸದ ಪಟ್ಟಿಲೆ ತುಂಬಿದೆ.
ವಾಸನಿ ಗಂಟಲಿಗೆ ಹತ್ತಿತು.
ಬೆರಳ ಇಟ್ಟು ನೋಡಿದ್ರ ಬೆಚ್ಚಗ,
ಜ್ವರ ಬಂದ ಕೂಸಿನ ನೆತ್ತಿ.

ಎಲ್ಲಾದ್ರಕ್ಕಿಂತ ಕೆಳಗ, ಮೊಣಕಾಲ ಎತ್ತರಕ್ಕ,
ಮೂರು ತೂತು.
ಯಾವ ಕುಳ್ಳ ಬಡದಾನೋ ಅಂತ ನಕ್ಕೋತ
ಅವನ್ನೂ ತುಂಬಿ, ಉಸುಕಿನ ಕಾಗದ ತಿಕ್ಕಿದೆ.

ಸಂಜಿಮುಂದ ನೀಲಗಂಗವ್ವ ಬಂದ್ಲು.
ಕೋಲು ಗ್ವಾಡಿಗೆ ಆನಿಸಿ, ಬಗ್ಗಿ, ಅಲ್ಲೇ ಬೆರಳಿಟ್ಲು.
"ಇದನ್ನೂ ಮುಚ್ಚಿದಿ?
ನಮ್ಮ ನಾದಿನಿ ಫಕೀರವ್ವಂದು.
ಕಾಲಾಗ ಬಲಾ ಇರಲಿಲ್ಲ, ಸರಕೋತ ಬರತಿದ್ಲು.
ಕಂಡಿಕಿ ಸುತ್ತಿದ ರೊಕ್ಕದಾಗ ಆಕಿನ ತರಿಸಿದ್ದು.
ಸೀರಿ ಬ್ಯಾಡ, ನನ್ನ ಕೈಗೆ ನಿಲಕೂ ಚಿಲಕ ಬೇಕು ಅಂದ್ಲು.
ಹಾಕ್ಕೊಂಡ್ಲಂದ್ರ ತಾಸಗಟ್ಲೆ ತಗೀತಿರಲಿಲ್ಲ."
ಹಾಡಕೋತ ಇರತಿದ್ಲೇನು, ಕೇಳಿದೆ.
"ಇಲ್ಲಪ್ಪಾ. ಸುಮ್ನ ಕುಂಡ್ರತಿದ್ಲು."

ಕೋಲು ತಗೊಂಡು ಹೋದ್ಲು. ಸಿಟ್ಟಿಲ್ಲ, ಏನಿಲ್ಲ.

ರಾತ್ರಿ ಊಟಕ್ಕ ಕುಂತಾಗ ನೆನಪಾತು:
ಸ್ಟೂಲ ಮ್ಯಾಲ ಕುಂತು ಜಳಕಾ ಮಾಡೂ ಆಕಿ
ಎರಡ ವರ್ಷದಿಂದ ಚಿಲಕ ಹಾಕೇ ಇಲ್ಲ.
ಕೈ ಅಷ್ಟ ಮ್ಯಾಲ ಏಳೂದಿಲ್ಲ.
ಬಾಗಲ ಮುಂದ ಒಂದ ತಾಮ್ರದ ತಂಬಿಗಿ ಇಟ್ಟಿರತಾಳ,
ಅದನ್ನ ನೋಡಿ ನಾವು ತಿಳಕೋಬೇಕು.

ಮುಂಜಾನೆದ್ದು ಮತ್ತ ಗುದ್ಲೆಪ್ಪ.
"ತುಂಬಿದ ಜಾಗದಾಗ ಸ್ಕ್ರೂ ಹಿಡದೀತೇನ?"
"ಮೊದಲ ಸಣ್ಣ ತೂತ ಹೊಡಕೋರಿ.
ಆಮ್ಯಾಲ ಕಟಗಿ ಬಿಟ್ರೂ ಅದು ಬಿಡೂದಿಲ್ಲ."
ಈ ಸಲ ಲಗ್ನದ ಮಾತು ತಗೀಲಿಲ್ಲ.

ಅದ ಮೂರ ಜಾಗಕ್ಕ ಮೂರ ಸ್ಕ್ರೂ.
ಬಣ್ಣ ಕೂಡಿಲ್ಲ; ಕಂದ ಬಾಗಲದಮ್ಯಾಲ
ಚಹಾ ಚೆಲ್ಲಿದಂಥ ಕಲೆ, ಪಾವಲಿ ಪಾವಲಿ.
ಇರಲಿ.

ಇವತ್ತ ತಂಬಿಗಿ ಒಳಗ ಹೋತು.
ಕೆಳಗಿನಿಂದ ಟಕ್ ಅಂತ ಒಂದ ಸಪ್ಪಳ,
ಆಮ್ಯಾಲ ನೀರಿಲ್ಲ, ಮಾತಿಲ್ಲ, ಬಾಳೊತ್ತು.
ಹೊರಗ ಹೆಗಲಿಗೆ ಟಾವೆಲ್ ಹಾಕ್ಕೊಂಡ ಮಗಳು
ಬಾಗಲಾ ತಡವಿ ತಡವಿ ನೋಡತಾಳ,
ಬಾಯಿಡಾಕ ಒಂದ ತೂತಿಲ್ಲ.
ಬಸ್ಸು ಇನ್ನೊಂದ ಬರತೈತಿ.